ಚಾಂಗುಣಾಬಾಯಿಯ ಹಾಡುಗಳೂ ಕುಮುದಿನಿಯ ಹಗೆಯೂ

ದ್ವೇಷ ಮಾಡುವುದಕ್ಕೂ ಶ್ರದ್ಧೆ ಬೇಕು. ನಮ್ಮಂಥವರ ಸಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದಿರುತ್ತದೆ. ಕುಮುದಿನಿ ಘರತ್ ಎಂಬ ಹೆಂಗಸಿನ ಸಿಟ್ಟು ಉಪ್ಪಿನಕಾಯಿಯ ಜಾತಿಯದು, ಭರಣಿಯಲ್ಲಿ ಕೂತಷ್ಟೂ ಹದಕ್ಕೆ ಬರುವಂಥದ್ದು. ಅವಳ ಜೊತೆ ಒಂದೇ ಸೂರಿನಡಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು. ಹಾಗಾಗಿ ಅವಳ ಬಗ್ಗೆ ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ನಿಷ್ಪಕ್ಷಪಾತವಾಗಿ ಬರೆಯುತ್ತೇನೆ ಎಂದು ಮಾತ್ರ ಯಾರೂ ನಂಬಬೇಡಿ. ನಾನು ಅವಳ ಪಕ್ಷ.

ನಮ್ಮ ಡೇಟಾ ಸೆಂಟರಿನ ಕಟ್ಟಡ ಇರುವುದು ನವಿ ಮುಂಬಯಿಯ ಮಹಾಪೆಯಲ್ಲಿ, ಠಾಣೆ-ಬೇಲಾಪುರ ರಸ್ತೆಯಿಂದ ಒಳಗೆ. ಕಿಟಕಿಗಳಿಲ್ಲ. ಒಳಗೆ ವರ್ಷವಿಡೀ ಮಾಘ ಮಾಸದ ಚಳಿ. ಯಾರದೋ ಬ್ಯಾಂಕು, ಇನ್ಯಾರದೋ ಅಂಗಡಿ, ಮತ್ಯಾರದೋ ಕಾಲೇಜು, ಎಲ್ಲರ ವ್ಯವಹಾರವೂ ಈ ಚಳಿಯಲ್ಲೇ ನಡೆಯುತ್ತದೆ. ಕುಮುದಿನಿಯ ಊರು ಘಣ್ಸೋಲಿ, ರಿಕ್ಷಾ ಹತ್ತಿದರೆ ಆಡುತ್ತಿದ್ದ ಮಾತು ಮುಗಿಯುವುದರೊಳಗೆ ಬರುತ್ತದೆ. ಆಗ್ರಿ ಎಂಬ ಸಮುದಾಯದ ಜನ. ಅಜ್ಜನ ಕಾಲಕ್ಕೆ ಅಲ್ಲಿ ಉಪ್ಪಿನ ಪಾತಿ, ಅಪ್ಪನ ಕಾಲಕ್ಕೆ ಭತ್ತದ ಗದ್ದೆ, ಅವಳ ಕಾಲಕ್ಕೆ ಗದ್ದೆಯಿದ್ದ ಜಾಗದಲ್ಲಿ ನಾವು.

ಅವಳ ತಾಯಿ ಚಾಂಗುಣಾಬಾಯಿ ಧವಲಾರಿಣ್. ಆಗ್ರಿಗಳ ಮದುವೆಯಲ್ಲಿ ಈ ಹೆಂಗಸರು ಧವಲಾ ಹಾಡಿ ದೇವರನ್ನು ಕರೆಯದೆ ಅರಿಸಿನ ಹಚ್ಚುವಂತಿಲ್ಲ. ಭಟ್ಟರು ಬಂದರೂ ಒಂದು ಮೂಲೆಯಲ್ಲಿ ಕೂತು ಕಾಯಬೇಕು. ಚಾಂಗುಣಾಬಾಯಿ ಹಾಡಿ ಮದುವೆ ಮಾಡಿಸಿದ ಹುಡುಗಿಯರ ಮೊಮ್ಮಕ್ಕಳ ಮದುವೆಗೂ ಅವಳೇ ಹಾಡಿದ್ದಳಂತೆ. ಒಬ್ಬಳೇ ಮಗಳಿಗೆ ಕಲಿಸಲು ಬೈದೂ ನೋಡಿದಳು, ಮುದ್ದು ಮಾಡಿಯೂ ನೋಡಿದಳು. ಮಗಳು ಡಿಪ್ಲೊಮಾ ಮುಗಿಸಿ ಯಂತ್ರಗಳ ಹಿಂದೆ ಹೋದಳು.

ಕಲಿಯದೆ ಹೋದದ್ದು ಕುಮುದಿನಿಯನ್ನು ಒಳಗೇ ಕೊರೆಯುತ್ತಿತ್ತು. ತಾಯಿಯ ಕಡೆಗಾಲದಲ್ಲಿ ರವಿವಾರ ಬಂತೆಂದರೆ ಒಂದು ರೆಕಾರ್ಡರ್ ಹಿಡಿದು ಅಂಗಳದಲ್ಲಿ ಕೂರುತ್ತಿದ್ದಳು. ತಾಯಿಯ ಹಾಡು, ತಾಯಿಯ ತಂಗಿ, ಅಂದರೆ ಬಾಯಜಾ ಮೌಶಿಯ ಹಾಡು, ಜೊತೆಯ ಮುದುಕಿಯರ ಹಾಡು ಎಲ್ಲ ಒಟ್ಟು ಮಾಡಿದಳು. ಮುದುಕಿಯರಿಗೆ ಮನಸ್ಸಿರಲಿಲ್ಲ. ನಮ್ಮಲ್ಲಿ ಒಂದೊಂದನ್ನೂ ಮೂರು ಕಡೆ ಇಡುತ್ತೇವೆ, ಊರು ಮುಳುಗಿದರೂ ನಿಮ್ಮ ಹಾಡು ಮುಳುಗುವುದಿಲ್ಲ ಎಂದು ಇವಳೇ ಒಪ್ಪಿಸಿದಳು. ಕಂಪನಿಯವರು ಪುಕ್ಕಟೆ ಜಾಗ ಕೊಟ್ಟು, ಮುದುಕಿಯರನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಹಾಡೆಲ್ಲ ನಮ್ಮ ಕಟ್ಟಡಕ್ಕೆ ಬಂದ ಮೇಲೆ ಕುಮುದಿನಿ ರೆಕಾರ್ಡರನ್ನು ಅಳಿಸಿ ನಾದಿನಿಯ ಮಗುವಿನ ತೊದಲು ಮಾತು ತುಂಬಿಕೊಳ್ಳಲು ಕೊಟ್ಟಳು. ತನ್ನ ಕೆಲಸದ ಮೇಲೆ ಅಷ್ಟು ನಂಬಿಕೆ.

ಆ ಕೆಲಸ ಏನೆಂದು ಹೇಳಬೇಕು. ನಮ್ಮಲ್ಲಿ ಯಂತ್ರ ಎಂದರೆ ಕೈಯಲ್ಲಿ ಮುಟ್ಟುವ ಯಂತ್ರವಲ್ಲ. ಒಂದು ದೊಡ್ಡ ಯಂತ್ರದ ಹೊಟ್ಟೆಯಲ್ಲಿ ಹತ್ತಾರು ಮಾಯಾಯಂತ್ರಗಳು, ಒಂದೊಂದಕ್ಕೂ ಈ ಮನೆಗೆ ತಾನೇ ಯಜಮಾನ ಎಂಬ ಭ್ರಮೆ. ವರ್ಚುವಲ್ ಮಷೀನ್ ಎನ್ನುತ್ತಾರೆ. ಅದರ ಡಿಸ್ಕೂ ಅದರ ಬಳಿ ಇರುವುದಿಲ್ಲ. ಚೂರುಚೂರಾಗಿ ಇಡೀ ಕಟ್ಟಡದ ಪೆಟ್ಟಿಗೆಗಳಲ್ಲಿ ಹಂಚಿಕೊಂಡಿದ್ದು, ಪ್ರತಿ ಚೂರಿಗೂ ಮೂರು ಪ್ರತಿಗಳಿದ್ದು, ನೆಟ್‌ವರ್ಕಿನ ತಂತಿಯ ಮೇಲೆ ಬಂದು ಒಂದೇ ಡಿಸ್ಕಿನಂತೆ ಕೂಡಿಕೊಳ್ಳುತ್ತದೆ. ತಂತಿ ನನ್ನ ಪಾಲಿನದು, ಡಿಸ್ಕು ಅವಳ ಪಾಲಿನದು. ಏನೇ ಕೆಟ್ಟರೂ ಅವಳು ನಿನ್ನ ತಂತಿ ಎನ್ನುತ್ತಿದ್ದಳು, ನಾನು ನಿನ್ನ ಡಿಸ್ಕು ಎನ್ನುತ್ತಿದ್ದೆ. ಒಂದು ಅಡಿಗೆಮನೆಯಲ್ಲಿ ಅತ್ತೆ ಸೊಸೆ ಬಾಳಿದ ಹಾಗೆ ಬಾಳಿದೆವು.

ಈ ಏರ್ಪಾಟಿನ ಉಪಕಾರವೆಂದರೆ, ಒಂದು ಯಂತ್ರ ಸತ್ತರೆ ಅದರ ಡಿಸ್ಕನ್ನು ಕೂತಲ್ಲಿಂದಲೇ ಇನ್ನೊಂದಕ್ಕೆ ಜೋಡಿಸಬಹುದು. ಅಪಾಯವೂ ಅಲ್ಲೇ ಇದೆ. ಹಳೆಯದು ಸಾಯುವ ಮೊದಲೇ ಹೊಸದಕ್ಕೆ ಜೋಡಿಸಿದರೆ ಎರಡೂ ಅದೇ ಡಿಸ್ಕಿನ ಮೇಲೆ ಬರೆಯುತ್ತವೆ, ಒಂದು ಬರೆದದ್ದರ ಮೇಲೆ ಇನ್ನೊಂದು. ಕೊನೆಗೆ ಉಳಿಯುವುದು ಕಸ. ಅದಕ್ಕೆಂದೇ ಡಿಸ್ಕಿಗೆ ಬೀಗ ಇರುತ್ತದೆ. ಹಿಡಿದ ಯಂತ್ರ ಸತ್ತಿದೆ ಎಂದು ಖಾತ್ರಿಯಾದ ಮೇಲಷ್ಟೇ ಆ ಬೀಗ ಮುರಿಯಬೇಕು.

ಆ ಖಾತ್ರಿಗಾಗಿ ಕುಮುದಿನಿ ಒಂದು ಪದ್ಧತಿ ತಂದಳು. ಮದುವೆಯಲ್ಲಿ ವಧೂವರರ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಅದೇ. ಬೀಗ ಮುರಿಯುವವರು ಗಟ್ಟಿಯಾಗಿ 'ಸಾವಧಾನ?' ಎಂದು ಕೇಳಬೇಕು. ಇನ್ನೊಬ್ಬರು ಹಳೆಯ ಯಂತ್ರ ನಿಂತಿರುವುದನ್ನು ಕಣ್ಣಾರೆ ನೋಡಿ 'ಸಾವಧಾನ' ಎನ್ನಬೇಕು. ಆಗ ಪರದೆ ಸರಿಯುವುದು. ಹೆಚ್ಚುಕಡಿಮೆಯಾದರೆ ಹೊಣೆ ಉತ್ತರ ಕೊಟ್ಟವರದು, ಕೇಳಿದವರದಲ್ಲ. ಹೊಸಬರು ಮೊದಲು ನಗುತ್ತಿದ್ದರು, ಆಮೇಲೆ ಅವರೂ ಹೇಳತೊಡಗುತ್ತಿದ್ದರು. ಆದರೆ ಪದ್ಧತಿಯ ಜೊತೆಗೆ ಮದುವೆ ಮನೆಯ ರೋಗವೂ ಬಂತು. ಮಂಟಪದಲ್ಲಿ ಸಾವಧಾನ ಎಂದಾಗ ಯಾರು ಸಾವಧಾನವಾಗಿರುತ್ತಾರೆ? ಕಣ್ಣು ಊಟದ ಪಂಕ್ತಿಯ ಕಡೆ, ಕೈಯಲ್ಲಿದ್ದ ಅಕ್ಷತೆ ಎತ್ತಲೋ, ಗುಂಪಿನಲ್ಲಿ ಗೋವಿಂದ. ಹಾಗೇ ನಮ್ಮಲ್ಲೂ ಕೆಲವರು ನೋಡದೆ, ಕತ್ತು ಕೂಡ ತಿರುಗಿಸದೆ ಉತ್ತರ ಕೊಡುವುದನ್ನು ಕಲಿತರು.

ಆಗ ನಮ್ಮ ಮೇಲಿದ್ದವನು ಒಬ್ಬ ಸಾಹೇಬ. ನಯವಾದ ಮರಾಠಿ, ನಯವಾದ ಅಂಗಿ, ಮನುಷ್ಯನೂ ನಯವೇ, ಹಿಡಿಯಹೋದರೆ ಜಾರುವಷ್ಟು. ಚಾಂಗುಣಾಬಾಯಿ ತೀರಿಕೊಂಡ ಮುಂದಿನ ಮಳೆಗಾಲದಲ್ಲಿ ಒಂದು ದಿನ ಹಾಡುಗಳಿದ್ದ ಯಂತ್ರ ಮಾತು ನಿಲ್ಲಿಸಿತು. ಹೊರಗಿನವರ ಜೊತೆ ಮಾತಾಡುವ ತಂತಿ ಕೆಟ್ಟಿತ್ತು, ಡಿಸ್ಕಿಗೆ ಹೋಗುವ ತಂತಿಯಲ್ಲಿ ಜೀವ ಇತ್ತು. ಹೊರಗಿನಿಂದ ನೋಡಿದವರಿಗೆ ಸತ್ತ ಹಾಗೆ, ಒಳಗೆ ಇನ್ನೂ ಬರೆಯುತ್ತಲೇ ಇತ್ತು. ಕೋಣೆಯಲ್ಲಿದ್ದವರು ಇಬ್ಬರೇ, ಸಾಹೇಬ ಮತ್ತು ಕುಮುದಿನಿ. ಹಾಡುಗಳನ್ನು ಬೇರೆ ಯಂತ್ರಕ್ಕೆ ಹಾಕು ಎಂದು ಅವನು ಅವಸರಪಡಿಸಿದ. ಅವಳು ಸಾವಧಾನ ಕೇಳಿದಳು. ಬೆನ್ನ ಹಿಂದಿನಿಂದ ಅವನು ಸಾವಧಾನ ಎಂದ. ಅವಳು ಬೀಗ ಮುರಿದಳು.

ಡಿಸ್ಕಿನಲ್ಲಿ ಒಂದು ಹಾಡೂ ಉಳಿಯಲಿಲ್ಲ. ಬೇರೆ ಕಟ್ಟಡದಲ್ಲಿ ಇಡಬೇಕಾಗಿದ್ದ ನಕಲನ್ನು, ಪುಕ್ಕಟೆ ಗಿರಾಕಿಗೆ ಅದೆಲ್ಲ ಯಾಕೆ, ಮೂರು ಪ್ರತಿ ಇವೆಯಲ್ಲ ಎಂದು ಸಾಹೇಬನೇ ನಿಲ್ಲಿಸಿದ್ದ. ಪೆಟ್ಟಿಗೆ ಕೆಟ್ಟರೆ ಮೂರು ಪ್ರತಿ ಕಾಯುತ್ತದೆ, ಮನುಷ್ಯ ಕೆಟ್ಟರೆ ಕಾಯುವುದಿಲ್ಲ. ಮೂರರಲ್ಲೂ ಅಷ್ಟೇ ನಿಷ್ಠೆಯಿಂದ ಕಸವೇ ಬಿದ್ದಿತ್ತು.

ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಸಾವಧಾನ ಅನ್ನಲೇ ಇಲ್ಲ ಎಂದ ಸಾಹೇಬ. ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಪೆಟ್ಟಿಗೆ ಪೇಢಾ ಹಿಡಿದು ಘಣ್ಸೋಲಿಗೆ ತಾನೇ ಹೋದ. ಹೆಂಗಸರ ಮುಂದೆ ಕೈಮುಗಿದು, ತಾಯಿಯ ದನಿ ಎಂಬ ಆತುರದಲ್ಲಿ ನಿಮ್ಮ ಮಗಳು ದುಡುಕಿಬಿಟ್ಟಳು, ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿ ಎಂದು ಕಣ್ಣೊರೆಸಿಕೊಂಡ. ಎಂಥ ಚಂಡಾಲ ನೋಡಿ. ಕೊಂದದ್ದೂ ಅವನೇ, ಸಂತಾಪ ಹೇಳಲು ಬಂದವನೂ ಅವನೇ.

ಮುದುಕಿಯರು ಅವನನ್ನು ನಂಬಿದರು. ಅಂದಿನಿಂದ ಊರಿನ ಯಾವ ಅರಿಸಿನಕ್ಕೂ ಕುಮುದಿನಿಗೆ ಕರೆ ಇಲ್ಲ. ಬಾಯಜಾ ಮೌಶಿ ಎದುರು ಸಿಕ್ಕರೆ ಬಾಗಿಲ ಕಡೆ ಮುಖ ತಿರುಗಿಸುತ್ತಿದ್ದಳು. ಹೆತ್ತವಳ ಗಂಟಲು ಹಿಸುಕಿದವಳು ಎಂದು ನೀರಿನ ನಲ್ಲಿಯ ಹತ್ತಿರ ಯಾರೋ ಅಂದದ್ದನ್ನು ಕುಮುದಿನಿ ಸ್ವತಃ ಕೇಳಿಸಿಕೊಂಡಳು. ಕಂಪನಿಯಲ್ಲಿ ಅವಳನ್ನು ಡಿಸ್ಕಿನ ಕೆಲಸದಿಂದ ತೆಗೆದು ಗೇಟಿನ ಬಳಿ ಕೂರಿಸಿದರು, ಬಂದವರ ಕೊರಳಿಗೆ ಪಾಸು ಹಾಕುವ ಕೆಲಸ. ದಿನಾ ಬೆಳಿಗ್ಗೆ ಸಾಹೇಬ ಅವಳ ಮುಂದೆಯೇ ಹಾಯ್ದು, ಏನು ಕುಮುದ, ಆರಾಮಾ ಎಂದು ಕೇಳಿ ಒಳಗೆ ಹೋಗುತ್ತಿದ್ದ. ಅವಳು ಆರಾಮು ಸರ್ ಎನ್ನುತ್ತಿದ್ದಳು.

ಬೇರೆ ಕಡೆ ಕೆಲಸ ನೋಡು ಎಂದು ನಾನು ಹೇಳಿದಾಗಲೆಲ್ಲ ಅವಳದು ಒಂದೇ ಉತ್ತರ. "ನಾ ಹೋದರೆ ಅವನು ನನ್ನ ಮರೀತಾನೆ. ಮರೆಯೋಕೆ ಬಿಡಲ್ಲ."

ಹೋದದ್ದು ಅವನೇ ಮೊದಲು. ಸ್ವಂತ ಕಂಪನಿ ಕಟ್ಟಲು ಹೊರಟುಹೋದ. ಹೊಸದಾಗಿ ಬಂದ ಮೇಲಧಿಕಾರಿ ಕುಮುದಿನಿಯನ್ನು ಗೇಟಿನಿಂದ ಎಬ್ಬಿಸಿ ಹಳೆಯ ಜಾಗದಲ್ಲಿ ಕೂರಿಸಿದಳು. ಕೆಲ ಕಾಲಕ್ಕೆ ಡಿಸ್ಕಿನ ವಿಭಾಗವೇ ಕುಮುದಿನಿಯ ಕೈಗೆ ಬಂತು. ಸಾವಧಾನದ ಪದ್ಧತಿಯನ್ನು ಅವಳು ಬಿಡಲಿಲ್ಲ, ಒಂದು ಬದಲಾವಣೆ ಮಾಡಿದಳು. ಇನ್ನು ಮುಂದೆ ಉತ್ತರ ಕೊಡಬೇಕಾದವರು ಗಿರಾಕಿಯ ಕಡೆಯವರು, ಅದೂ ನಾಲ್ಕು ಜನರ ಎದುರಿಗೆ.

ಅತ್ತೆಗೊಂದು ಕಾಲವಾದರೆ ಸೊಸೆಗೊಂದು ಕಾಲ. ಸಾಹೇಬನ ಕಂಪನಿಯೇ ಒಂದು ದಿನ ನಮ್ಮ ಗಿರಾಕಿಯಾಗಿ ಬಂತು. ಅವನ ದೊಡ್ಡ ಗಿರಾಕಿ ದಾದರ್‌ನ ಒಂದು ವಧೂವರ ಕೇಂದ್ರ. ಮಹಾರಾಷ್ಟ್ರದ ಅರ್ಧಕ್ಕರ್ಧ ಹುಡುಗ ಹುಡುಗಿಯರ ಫೋಟೋ, ಜಾತಕ, ಅಡಿಗೆ ಬರುತ್ತದೋ ಇಲ್ಲವೋ ಎಲ್ಲ ಒಂದು ಡಿಸ್ಕಿನಲ್ಲಿ. ಅದನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಜೋಡಿಸುವ ದಿನ ಕೇಂದ್ರದ ಒಡತಿ ಲಿಮಯೆ ಬಾಯಿಯನ್ನು ಸಾಹೇಬ ತಾನೇ ಕರೆತಂದ. ಕುಮುದಿನಿಯನ್ನು ನೋಡಿ, ಅರೆ ಕುಮುದ, ಇನ್ನೂ ಇಲ್ಲೇ ಇದ್ದೀಯಾ ಎಂದು ನಕ್ಕ.

ಬೆಳಿಗ್ಗೆಯೇ ಕುಮುದಿನಿ ಆ ಡಿಸ್ಕಿನದೊಂದು ಪೂರ್ತಿ ನಕಲು ತೆಗೆದು ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅದು ನನಗೆ ಆಮೇಲೆ ಗೊತ್ತಾಯಿತು.

ಅವಳು ಗಟ್ಟಿಯಾಗಿ ಸಾವಧಾನ ಕೇಳಿದಳು. ಸಾಹೇಬ ಫೋನಿನಲ್ಲಿದ್ದ, ಇನ್ನೊಂದು ಕೈಯಲ್ಲಿ ಲಿಮಯೆ ಬಾಯಿಗೆ ಕುರ್ಚಿ ತೋರಿಸುತ್ತಿದ್ದ. ನಗುತ್ತಲೇ ಸಾವಧಾನ ಎಂದ. ನನ್ನ ಪರದೆಯ ಮೇಲೆ ಹಳೆಯ ಯಂತ್ರದ ತಂತಿ ಇನ್ನೂ ಓಡುತ್ತಿತ್ತು, ಅವನ ಹುಡುಗರು ಅದನ್ನು ನಿಲ್ಲಿಸಲು ಮರೆತಿದ್ದರು. ನಾನು ಬಾಯಿ ತೆರೆದೆ. ಕುಮುದಿನಿ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದೆ.

"ನೋಡಿ ಹೇಳ್ತಿದ್ದೀರಾ, ಸರ್?" ಎಂದು ಅವಳು ಮತ್ತೊಮ್ಮೆ ಕೇಳಿದಳು.

"ಇನ್ನೂ ಅದೇ ಮದುವೆ ಆಟಾನಾ? ಹೇಳಿದ್ನಲ್ಲ, ಹಾಕಮ್ಮಾ."

ಅವಳು ಬೀಗ ಮುರಿದಳು. ಇದು ಧರ್ಮವೇ ಎಂದು ನನ್ನನ್ನು ಕೇಳಬೇಡಿ. ಒಂದು ದಿನ ಹುಡುಗಿ ನೋಡದಿದ್ದರೆ ಯಾರೂ ಸಾಯುವುದಿಲ್ಲ. ನನಗಂತೂ ಹೊಟ್ಟೆತುಂಬ ಸಂತೋಷವಾಯಿತು.

ಚಹಾ ಬರುವಷ್ಟರಲ್ಲಿ ವಧೂವರ ಕೇಂದ್ರ ಹಾಳೂರಾಗಿತ್ತು. ಅಮರಾವತಿಯ ಹುಡುಗನ ಮುಖಕ್ಕೆ ಸಾತಾರೆಯ ಹುಡುಗಿಯ ಜಾತಕ, ಅದೂ ಅರ್ಧ. ಆಮೇಲೆ ಅದೂ ಇಲ್ಲ. ಲಿಮಯೆ ಬಾಯಿ ಬೇರೆ ನಕಲು ಎಲ್ಲಿದೆ ಎಂದು ಕೇಳಿದಳು. ಸಾಹೇಬನ ಬಾಯಲ್ಲಿ ಮೂರು ಪ್ರತಿ, ಮೂರು ಪ್ರತಿ ಎಂಬ ಎರಡು ಶಬ್ದ ಬಿಟ್ಟರೆ ಬೇರೇನೂ ಬರಲಿಲ್ಲ. ಚಳಿಯ ಕೋಣೆಯಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಲಿಮಯೆ ಬಾಯಿ ಸಂಜೆಯವರೆಗೆ ಗಡುವು ಕೊಟ್ಟು ಎದ್ದು ಹೋದಳು. ಆಮೇಲೆ ಅವನು ಕುಮುದಿನಿಯ ಮೇಜಿನ ಬಳಿ ಬಂದು ನಿಂತು, ಏನಾದರೂ ಮಾಡು, ನನ್ನ ಮಾನ ಉಳಿಸು ಎಂದು ಬೇಡಿಕೊಂಡ. ಅವಳು ಚಹಾ ಮುಗಿಸಿ, ಲೋಟ ಕೆಳಗಿಟ್ಟು, ನಕಲು ತನ್ನ ಬಳಿ ಇದೆ ಎಂದಳು.

"ಸಂಜೆಗೆ ಎಲ್ಲ ಮೊದಲಿನ ಹಾಗೆ ಮಾಡಿಕೊಡ್ತೀನಿ. ಅದಕ್ಕೆ ಮೊದಲು ಘಣ್ಸೋಲಿಗೆ ಬನ್ನಿ. ಆವತ್ತು ಯಾರು ಸಾವಧಾನ ಅಂದರು ಅಂತ ನಮ್ಮ ಮೌಶಿ ಮುಂದೆ ಹೇಳಿ."

ಅವನು ನನ್ನ ಕಡೆ ನೋಡಿದ, ನಾನು ಚಾವಣಿ ನೋಡಿದೆ. ಅವನ ಕಾರಿನಲ್ಲೇ ಹೊರಟೆವು, ಅವನು ಮುಂದೆ, ಅವಳು ಹಿಂದೆ, ಸಾಕ್ಷಿಗೆಂದು ನಾನು. ಮೇಲೆ ಹೇಳಿದೆನಲ್ಲ, ಹೆಚ್ಚು ದೂರವಿಲ್ಲ. ಒಂದು ಮಾತೂ ಆಡದೆ ಕೂತರೆ ಮಾತ್ರ ಬಹಳ ದೂರ.

ಮೌಶಿಯ ಅಂಗಳದಲ್ಲಿ ಮರುದಿನದ ಅರಿಸಿನಕ್ಕೆ ಸಿದ್ಧತೆ ನಡೆದಿತ್ತು. ಅಕ್ಕಿ ಹಸನು ಮಾಡುವವರು, ಒಣ ಬೊಂಬಿಲ್ ಮೀನಿನ ತಲೆ ಮುರಿಯುವವರು, ಸುಮ್ಮನೆ ಬಾಯಿ ಹಾಕುವವರು. ಕುಮುದಿನಿ ಒಳಗೆ ಕಾಲಿಡುತ್ತಲೇ ಎಲ್ಲ ಬಾಯಿಗಳೂ ನಿಂತವು. ಬಾಯಜಾ ಮೌಶಿ ಅಕ್ಕಿಯ ಮೇಲಿಂದ ತಲೆ ಎತ್ತಲಿಲ್ಲ. ಈ ಸಾಹೇಬರು ನಿಮಗೆ ಒಂದು ಮಾತು ಹೇಳಬೇಕಂತೆ ಎಂದಷ್ಟೇ ಹೇಳಿ ಕುಮುದಿನಿ ತುಳಸಿ ಕಟ್ಟೆಯ ಪಕ್ಕ ನಿಂತಳು. ಇಡೀ ಆಯುಷ್ಯದಲ್ಲಿ ಅವಳಿಗೆ ಬೇಕಾಗಿದ್ದುದು ಈ ಒಂದು ಗಳಿಗೆ.

ಅವನು ನಯವಾಗಿ ಶುರು ಮಾಡಿದ. ಅದೊಂದು ತಾಂತ್ರಿಕ ಅವಘಡ, ಯಾರೊಬ್ಬರ ತಪ್ಪೆಂದು ಹೇಳಲಾಗದು, ಬಹುಶಃ ತಾನೂ ಏನೋ ಅಂದಿರಬಹುದು ಎಂದ. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು, ಲಿಮಯೆ ಬಾಯಿಯದು. ಬಾಯಜಾ ಮೌಶಿ ಮೊರ ಕೆಳಗಿಟ್ಟಳು.

"ಬಹುಶಃ ಬ್ಯಾಡ, ಸಾಹೇಬ್ರೇ. ಅಂದ್ರೋ, ಇಲ್ಲೋ?"

"ಅಂದೆ."

"ನೋಡಿ ಅಂದ್ರೋ, ನೋಡದೆ ಅಂದ್ರೋ?"

ಫೋನು ಮತ್ತೆ ಬಡಿದುಕೊಂಡಿತು. ಬೇಗ ಮುಗಿಸಿ ಹೋಗುವ ಆತುರವೋ, ಮೀನು ಮುರಿಯುವ ಹೆಂಗಸರ ಎದುರು ನಿಲ್ಲಬೇಕಾಗಿ ಬಂದ ಉರಿಯೋ, ಅವನ ನಯವೆಲ್ಲ ಕಿತ್ತು ಹೋಯಿತು.

"ನೋಡೇ ಅಂದೆ. ಹಳೇದರಲ್ಲಿ ದೀಪ ಮಿನುಗ್ತಾನೇ ಇತ್ತು. ಅದನ್ನ ನಿಲ್ಲಿಸಿ, ಸರಿಮಾಡಿ, ಅಷ್ಟೆಲ್ಲ ಹೊತ್ತಿರಲಿಲ್ಲ, ಆ ಜಾಗ ಬೇರೆ ಗಿರಾಕಿಗೆ ಬೇಕಿತ್ತು. ಏನು ಮಹಾ, ಮುದುಕಿಯರ ಹಾಡು ತಾನೇ ಅಂದ್ಕೊಂಡೆ. ಸಾಕಾ?"

ನಾವು ಇಷ್ಟು ವರ್ಷ ಅವನು ನೋಡದೆ ಹೇಳಿದ ಎಂದೇ ತಿಳಿದಿದ್ದೆವು. ಕುಮುದಿನಿ ದ್ವೇಷಿಸಿದ್ದು ಒಬ್ಬ ಸೋಮಾರಿಯನ್ನು, ಒಬ್ಬ ಸುಳ್ಳನನ್ನು. ಇವನು ಉಸಿರಾಡುವುದನ್ನು ಕಂಡೇ ಕೊಂದವನು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ನಕಲು ಕೊಡಲ್ಲ," ಎಂದಳು ಕುಮುದಿನಿ. "ಈಗಲೇ ಹೋಗಿ ಅಳಿಸ್ತೀನಿ. ನಿನ್ನ ಕಂಪನಿ ಹೇಗೆ ನಿಲ್ಲುತ್ತೋ ನೋಡ್ತೀನಿ."

ಅವಳು ಹೇಳಿದ್ದನ್ನು ಮಾಡುವವಳೇ. ಆಗಲೇ ಅಂಗಳ ದಾಟಿ ಹೊರಟಿದ್ದಳು. ಸಾಹೇಬ, ಮಾತು ಕೊಟ್ಟಿದ್ದೀಯ ಎಂದು ಹಿಂದಿನಿಂದ ಕೂಗಿದ. ಮೌಶಿ ಕುಮುದಿನಿಯ ಸೆರಗು ಹಿಡಿದಳು. ಅದರಲ್ಲಿ ಏನಿದೆ ಎಂದು ನನ್ನನ್ನು ಕೇಳಿದಳು. ಮದುವೆಯಾಗಬೇಕಾದ ಹುಡುಗ ಹುಡುಗಿಯರ ಫೋಟೋ, ಜಾತಕ ಎಂದೆ.

"ಕೊಟ್ಟುಬಿಡು, ಕುಮು. ಲಗ್ನ ಕೂಡಿಸೋ ಮನೆತನ ನಮ್ಮದು. ಲಗ್ನ ಕೆಡಿಸಿದ ಪಾಪ ನಿನ್ನವ್ವನ ತಲಿಗೆ ಹಚ್ಚಬ್ಯಾಡ."

ಕುಮುದಿನಿ ಸೆರಗು ಬಿಡಿಸಿಕೊಂಡಳು. ಕೊನೆಗೆ ಕಾರಿನ ಕಡೆ ತಲೆ ಆಡಿಸಿದಳು, ಕೊಡುತ್ತೇನೆ ಎಂಬ ಹಾಗೆ. ಸಾಹೇಬ ಉಸಿರು ಬಿಟ್ಟ. ಅಷ್ಟರಲ್ಲಿ ಮೀನು ಮುರಿಯುತ್ತಿದ್ದ ಒಬ್ಬ ಸೊಸೆ, ನಾಳೆಯ ಅರಿಸಿನಕ್ಕೆ ಇವನ ಮೇಲೇ ಬೈಗುಳದ ಪದ ಕಟ್ಟೋಣ, ಉರಣದಿಂದ ಬೇಲಾಪುರದ ತನಕ ಎಲ್ಲ ಮದುವೆಯಲ್ಲೂ ಇವನ ಹೆಸರು ಹಾಡಲಿ ಎಂದಳು. ಹೆಂಗಸರಿಗೆಲ್ಲ ಹುರುಪು ಬಂತು. ನಮ್ಮ ಕಡೆ ಬೀಗರನ್ನು ಹಾಡಿನಲ್ಲಿ ಬೈಯುವ ಹಾಗೇ ಇವರಲ್ಲೂ ಉಂಟು, ಮಾನ ಹರಾಜು ಹಾಕುವುದರಲ್ಲಿ ಇವರು ಒಂದು ಕೈ ಮುಂದೆ. ಹೊರಡಲಿದ್ದ ಸಾಹೇಬ ನಿಂತುಬಿಟ್ಟ. ಅವನಿಗೂ ಭಯ ಹತ್ತಿತ್ತು.

ಮೌಶಿ ಬೇಡವೆಂದಳು.

"ಹಾಡು ಕಟ್ಟಿದ್ರೆ ಇವನ ಹೆಸರು ನಮ್ಮ ಮೊಮ್ಮಕ್ಕಳ ಬಾಯಾಗ ಉಳೀತದ. ನಮ್ಮ ಅಕ್ಕನ ಹೆಸರೇ ಉಳೀಲಿಲ್ಲ, ಇವಂದ್ಯಾಕೆ? ಯಾರೂ ಇವನ ಹೆಸರು ಎತ್ತಬ್ಯಾಡ್ರಿ. ಮನ್ಯಾಗೂ ಬ್ಯಾಡ, ಬೈಯ್ಯಾಕೂ ಬ್ಯಾಡ."

ಆಮೇಲೆ ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೆಂಗಸರು ಅಕ್ಕಿಗೆ ಮರಳಿದರು. ಅವನು ನಮಸ್ಕಾರ ಮಾಡಿದ, ಯಾರೂ ನೋಡಲಿಲ್ಲ. ಮೌಶಿ, ಬರ್ತೀನಿ ಎಂದ. ಯಾರೂ ಕೇಳಲಿಲ್ಲ. ಅಂಗಳ ದಾಟುವಾಗ ಒಬ್ಬಳು ಅವನ ಕಾಲ ಬಳಿಯೇ ಮೀನಿನ ನೀರು ಚೆಲ್ಲಿದಳು, ಬೇಕೆಂದಲ್ಲ, ಅಲ್ಲಿ ಮನುಷ್ಯ ಇರುವುದು ಕಾಣದವಳ ಹಾಗೆ.

ಸಂಜೆ ಕುಮುದಿನಿ ಡಿಸ್ಕನ್ನು ಮೊದಲಿನಂತೆ ಜೋಡಿಸಿಕೊಟ್ಟಳು. ಅಮರಾವತಿಯ ಹುಡುಗನಿಗೆ ಅವನ ಜಾತಕ ವಾಪಸು ಬಂತು. ಲಿಮಯೆ ಬಾಯಿ ಮಾತ್ರ ಆ ತಿಂಗಳೇ ಬೇರೆ ಕಂಪನಿ ನೋಡಿಕೊಂಡಳು. ಹೊಟ್ಟೆ ತಣ್ಣಗಾಯಿತೇ ಎಂದು ಕೇಳಿದೆ. ಇಲ್ಲ ಎಂದಳು ಕುಮುದಿನಿ. ನಕಲು ಅಳಿಸಬೇಕಾಗಿತ್ತು ಎಂದಳು. ಈಗಲೂ ಹಾಗೇ ಅನ್ನುತ್ತಾಳೆ.

ಮರುದಿನದ ಅರಿಸಿನಕ್ಕೆ ಅವಳಿಗೆ ಕರೆ ಬಂದಿತ್ತು. ನಾನೂ ಹೋದೆ, ಊಟ ಬಿಡುವ ಜಾತಿ ನನ್ನದಲ್ಲ. ದೇವರ ಹಾಡು ಮುಗಿದು ಬೈಗುಳದ ಪದ ಶುರುವಾಯಿತು. ವರನ ಅತ್ತೆಗೆ ಬೈದರು, ಅವನ ಮಾವನ ಮೀಸೆಗೆ ಬೈದರು. ಆಮೇಲೆ ಬಾಯಜಾ ಮೌಶಿ ತಾನೇ ದನಿ ಎತ್ತಿದಳು. ಅವರ ಮಾತಿನಲ್ಲಿದ್ದುದನ್ನು ನನ್ನ ಮಾತಿಗೆ ತಂದರೆ ಹೀಗೆ:

ಮೂರು ಪೆಟ್ಟಿಗಿ ಐತೆ ಅಂದಾಳ, ಅಕ್ಕನ ಮಗಳ ಜಾಣೆ
ಅವ್ವನ ಹಾಡ ತುಂಬಿಕೊಂಡು ಹೋದಾಳ
ಪರರ ಮಾತಿಗೆ ಬೀಗ ಮುರಿದಾಳ, ಜಾಣೆ
ಗಂಟಲಾಗ ಇಟ್ಟಿದ್ರ ಯಾರು ಒಯ್ತಿದ್ರು?

ಹೆಂಗಸರೆಲ್ಲ ಹಿಡಿದು ಹಾಡಿದರು, ಕುಮುದಿನಿಯ ಕಡೆ ಕೈ ತೋರಿಸಿ ತೋರಿಸಿ. ಆ ಪದ ಸಾಮಾನ್ಯವಾಗಿ ಪರಕೀಯರ ಮೇಲೆ ಹಾಡುವಂಥದ್ದಲ್ಲ, ಮನೆಯವರ ಮೇಲೆ, ಬೀಗರ ಮೇಲೆ. ಅದು ಅವಳಿಗೂ ಗೊತ್ತು. ಆದರೂ ಆ ಕೊನೆಯ ಸಾಲಿನಲ್ಲಿ ತಮಾಷೆ ಇರಲಿಲ್ಲ. ಬೈಸಿಕೊಂಡವರು ಹಾಡಿದವರ ಬಾಯಿಗೆ ಸಿಹಿ ಹಾಕಬೇಕೆಂಬುದು ವಾಡಿಕೆ. ಕುಮುದಿನಿ ಎದ್ದು, ಒಂದು ಲಾಡು ತೆಗೆದುಕೊಂಡು ಹೋಗಿ, ಇನ್ನು ಸಾಕು ಎಂಬಂತೆ ಇಡಿಯಾಗಿ ಮೌಶಿಯ ಬಾಯಿಗೆ ತುರುಕಿದಳು. ಮುದುಕಿ ಲಾಡಿನ ಜೊತೆಗೆ ಅವಳ ಬೆರಳನ್ನೂ ಕಚ್ಚಿ ಹಿಡಿದಳು, ನೋವಾಗುವ ಹಾಗೆಯೇ, ಮತ್ತು ಬಹಳ ಹೊತ್ತು ಬಿಡಲಿಲ್ಲ.